ಗೆಸ್ಟ್ ಪ್ಲೇಯರ್

ಮೂವತ್ತೆಂಟರ ಶಶಿಕುಮಾರ್ ಫುಟ್‌ಬಾಲ್ ಬೂಟಿನ ಲೇಸು ಬಿಗಿದು ತಲೆಯೆತ್ತುವಷ್ಟರಲ್ಲಿ, ಚೆಟ್ಟಳ್ಳಿ ತಂಡದ ಕ್ಯಾಪ್ಟನ್ ತೇಜಸ್ ಅವನಿಗಿಟ್ಟಿದ್ದ ಜೆರ್ಸಿಯನ್ನು ಕೇರಳದಿಂದ ಬಂದ ಆಟಗಾರನಿಗೆ ಕೊಟ್ಟಾಗಿತ್ತು.

"ಬೇಜಾರು ಮಾಡ್ಕೋಬೇಡಿ ಶಶಿಯಣ್ಣ. ಹೊರಗಿನೋರು ಇಬ್ಬರೇ ಇರ್ಬೇಕು ಅಂತ ರೂಲ್ಸು. ನೀವೂ ಸೇರಿದ್ರೆ ಮೂವರಾಗ್ತಾರೆ."

"ನಾನು ಹೊರಗಿನೋನೇನೋ? ಈ ಮೈದಾನದ ಪಕ್ಕದ ಕಾಫಿತೋಟದ ಲೈನ್‌ಮನೇಲೇ ಹುಟ್ಟಿದೋನು ಕಣೋ!"

"ಹುಟ್ಟಿದ್ದು ಇಲ್ಲೇ. ಆದ್ರೆ ಕುಟ್ಟದಿಂದ ಶನಿವಾರಸಂತೆವರೆಗೆ ನೀವು ಬಾಡಿಗೆಗೆ ಆಡದ ಟೀಮ್ ಯಾವ್ದಿದೆ ಹೇಳಿ? ಟೂರ್ನಮೆಂಟ್ ಕಮಿಟಿಯೋರಿಗೆ ನೀವು ಎಲ್ಲಿ ಆಡಿದ್ರೂ ಗೆಸ್ಟ್ ಪ್ಲೇಯರ್ರೇ."

ಅಷ್ಟರಲ್ಲಿ, ಲೈನ್ಸ್‌ಮನ್ ಇನ್ನೂ ಸಿಕ್ಕಿಲ್ವಾ ಅಂತ ರೆಫ್ರಿ ಕೂಗಿದ. ಲೈನ್ಸ್‌ಮನ್ ಯಾರಾಗಬೇಕೆಂದು ಎರಡೂ ತಂಡಗಳು ಬೆಳಿಗ್ಗೆಯಿಂದ ಕಿತ್ತಾಡುತ್ತಿದ್ದವು. ಒಬ್ಬರು ಹೇಳಿದವನನ್ನು ಇನ್ನೊಬ್ಬರು ಒಪ್ಪುತ್ತಿರಲಿಲ್ಲ. ತೇಜಸ್ ಲೈನ್ಸ್‌ಮನ್ ಹಿಡಿಯುವ ಬಾವುಟವನ್ನು ಶಶಿಯ ಕೈಗೆ ತುರುಕಿದ.

"ಇವರಾಗಬಹುದಲ್ಲ? ಇವರು ಯಾರ ಕಡೆಯವರೂ ಅಲ್ಲ."

ಎದುರು ತಂಡದವರು ಮರುಮಾತಿಲ್ಲದೆ ಒಪ್ಪಿದರು.