ಮಾತು ಹಿಡಿಯದ ಚಕ್ರ

ಶೆಡ್ಡಿನಲ್ಲಿ ಎಲ್ಲರೂ ಮಾತಾಡತೊಡಗಿದರೆ ತಾನೂ ಮಾತಾಡಬೇಕಾಗುತ್ತದಲ್ಲ ಎಂಬ ಅಳುಕು ನೀಲಾಂಬಿಕೆಗೆ ಒಳಗೊಳಗೇ ಇತ್ತು. ಸಾಣೆ ಹಿಡಿಯುವಾಗ ಹತ್ತಿರ ಆಡಿದ ಮಾತನ್ನೆಲ್ಲ ಉಕ್ಕು ಹಿಡಿದಿಟ್ಟುಕೊಂಡು, ಆಮೇಲೆ ತಿರುಗಿದಾಗಲೆಲ್ಲ ಆಡಿಬಿಡುತ್ತಿತ್ತು. ಹಾಗಾಗಿ ಬೆಳಗಾವಿಯ ಗ್ರೈಂಡಿಂಗ್ ಶೆಡ್ಡುಗಳಲ್ಲಿ ಚಹಾ ಕೇಳುವುದೂ ಕೈಸನ್ನೆಯಲ್ಲೇ. ಆದರೂ ಹೋದ ವರ್ಷ ಯಾರದೋ ಮನೆಯ ಹಿಟ್ಟಿನ ಗಿರಣಿ, ಬೀಗರ ಮುಂದೆಯೇ ಈ ಶೆಡ್ಡಿನ ಹಳೆಯ ಸಾಣೆಗಾರ ದಸ್ತಗೀರ್ ಚಾಚಾನ ಬೈಗುಳ ಉದುರಿಸಿತ್ತು.

ಉಕ್ಕಿನ ಪುಡಿ ಮೆತ್ತಿಕೊಂಡ ಸಾಣೆ ಚಕ್ರವೇ ಮಾತನ್ನು ಉಕ್ಕಿಗೆ ಒರೆಸುತ್ತದೆ ಎಂದು ಇಂಜಿನಿಯರಿಂಗ್ ಓದಿದ ನೀಲಾಂಬಿಕೆಯ ಅಂದಾಜು. ಅದಕ್ಕೇ ಚಕ್ರದ ಮೈತುಂಬ ಓರೆಯಾಗಿ ಸಣ್ಣ ಕಾಲುವೆಗಳನ್ನು ಕೊರೆಸಿದ್ದಳು. ನೀರು ಹರಿದು ಪುಡಿ ತೊಳೆದುಹೋಗಿ, ಉಕ್ಕು ಕನ್ನಡಿಯಂತೆ ನುಣುಪಾಯಿತು. ಪರೀಕ್ಷೆಗೆಂದು ಅದರಲ್ಲಿ ಸಾಣೆ ಹಿಡಿದ ಶಾಫ್ಟಿನ ದಂಡ ತಿರುಗಿಸಿದರೆ ಮಾತಿನ ಸದ್ದೇ ಇಲ್ಲ. ಇವತ್ತು ಹೆರಿಗೆ ಆಸ್ಪತ್ರೆಯ ಫ್ಯಾನುಗಳ ಶಾಫ್ಟಿಗೆ ಅದೇ ಚಕ್ರ ಏರಿತ್ತು.

"ಇನ್ನ ಬಾಯಿ ತುಂಬ ಮಾತಾಡ್ರಿ ಚಾಚಾ. ನಮ್ಮ ನೀಲವ್ವ ಬೀಗ ತೆಗದಾಳ," ಎಂದ ಮಾಲೀಕ ಈರಸಂಗಪ್ಪ.

"ಭಾಳ ವರ್ಷದ ಮಾತು ಉಳದಾವ್ರಿ ಸಾಹುಕಾರ್ರ. ನಿಮ್ಮನ್ನ ಬೈಯೋದರಿಂದನ ಸುರು ಮಾಡ್ಲೇನು?" ಎನ್ನುತ್ತ ಚಾಚಾ ಯಂತ್ರದ ಗುಂಡಿಗೆ ಕೈ ಹಾಕಿದ.

ಎಲ್ಲರೂ ನಕ್ಕರು. ನೀಲಾಂಬಿಕೆಗೆ ಮಾತ್ರ ಚಕ್ರದ ಪರೀಕ್ಷೆ ಮಾಡಿದ ದಿನ ಕಣ್ಣಿಗೆ ಕಟ್ಟಿತು. ಬಾಣಂತಿಯರ ತಲೆಯ ಮೇಲೆ ಹಗಲೂ ರಾತ್ರಿ ತಿರುಗುವ ಫ್ಯಾನುಗಳವು. ಅವಳು ಮುಂದೆ ಹೋಗಿ ಚಾಚಾನ ಕೈ ಹಿಡಿದಳು. ಸನ್ನೆ ಸಾಲದೆಂದು ಗೊತ್ತಾಯಿತು.

"ತಡೀರಿ ಚಾಚಾ," ಎಂದಳು. "ಪರೀಕ್ಷೆ ಮಾಡುಮುಂದ ಶೆಡ್ಡಿನ್ಯಾಗ ನಾ ಒಬ್ಬಾಕಿನ ಇದ್ದೆ. ಒಂದು ಮಾತೂ ಆಡಿರಲಿಲ್ರಿ."