ಅತ್ತೆ ಸಾಯದ ವರ್ಷ

“ಈ ಸಲವೂ ನಾನು ಸಾಯಬೇಕಾ?” ಅತ್ತೆ ಯಾರನ್ನೂ ನೋಡದೆ, ಕಿಟಕಿಯ ಕಡೆ ಮುಖ ಮಾಡಿ ಕೇಳಿದರು. ಹೊರಗೆ ಸೈರನ್ ಆಗಲೇ ಊರಿಗೆ ಊರನ್ನೇ ಎಬ್ಬಿಸುವಂತೆ ಕೂಗುತ್ತಿತ್ತು.

ಊರು ಕೂತಿದ್ದುದು ನಡುಗುವ ನೆಲದ ಮೇಲೆ. ನಡುಗಿದಾಗ ಹೇಗೆ ಇಳಿದು ಓಡಬೇಕೆಂದು ವರ್ಷಕ್ಕೊಮ್ಮೆ ಎಲ್ಲರೂ ಅಭ್ಯಾಸ ಮಾಡುತ್ತಿದ್ದರು. ಇಳಿಯದೆ ಉಳಿದವರನ್ನು ಅಂಗಳದ ಕರಿಹಲಗೆಯ ಮೇಲೆ ‘ಸತ್ತವರು’ ಎಂದು ಬರೆಯುವುದು ರೂಢಿ. ಕಟ್ಟಡಕ್ಕೆ ಲಿಫ್ಟ್ ಇಲ್ಲ. ಮೊಣಕಾಲು ಕೈಕೊಟ್ಟ ಮೇಲೆ ಅತ್ತೆ ನಾಲ್ಕನೆಯ ಮಹಡಿ ಬಿಟ್ಟು ಕದಲಿರಲಿಲ್ಲ; ಹಾಗಾಗಿ ವರ್ಷ ವರ್ಷವೂ ಸಾಯುತ್ತಿದ್ದರು. ಆ ಮಹಡಿಯವರನ್ನೆಲ್ಲ ಇಳಿಸುವ ಹೊಣೆ ಸೊಸೆಯದು. ಅವಳಿಗೆ ಅದು ನಗುವ ಮಾತಾಗಿರಲಿಲ್ಲ. ನಿಜವಾಗಿ ನಡುಗಿದ ದಿನ ಇವರನ್ನು ಹೇಗೆ ಇಳಿಸಲಿ ಎಂದು ಎಷ್ಟೋ ಸಲ ಬೆಚ್ಚಿ ಎದ್ದಿದ್ದಳು.

“ಈ ಸಲ ಸಾಯೋ ಹಾಗಿಲ್ಲ ಅತ್ತೆ. ಕುರ್ಚಿ ಬಂದಿದೆ,” ಎಂದಳು ಹಳದಿ ಕೋಟು ತೊಟ್ಟ ಸೊಸೆ. ಬಾಗಿಲಲ್ಲಿ ಅಗ್ನಿಶಾಮಕ ದಳದ ನಾಯಕ ನಿಂತಿದ್ದ. ಪಕ್ಕದಲ್ಲಿ ಮೆಟ್ಟಿಲ ಮೇಲೆ ಜಾರಿಕೊಂಡು ಇಳಿಯುವ ಹೊಸ ಕುರ್ಚಿ.

“ಸತ್ತು ಸತ್ತು ಅಭ್ಯಾಸ ಆಗಿದೆ, ಬಿಡೇ. ಇದು ಬೀಳಿಸಿದ್ರೆ?”

“ನಾನು ಮುಂದೆ ಮುಂದೆ ಇಳೀತೀನಿ. ಬಿದ್ರೆ ನನ್ನ ಮೇಲೇ ಬೀಳ್ತೀರಿ.”

“ಹಾಗಾದ್ರೆ ನಡಿ. ಒಂದು ಕೈ ನೋಡೇಬಿಡೋಣ.”

ಮೊದಲ ಮೆಟ್ಟಿಲಿಗೆ ಅತ್ತೆ ಕಣ್ಣು ಮುಚ್ಚಿ ದೇವರ ಹೆಸರು ಹಿಡಿದರು. ಮೂರನೆಯ ಮಹಡಿಯಲ್ಲಿ ಒಂದು ಕಣ್ಣು ತೆರೆಯಿತು. ಎರಡನೆಯದರಲ್ಲಿ ದೇವರ ಹೆಸರೂ ನಿಂತು, “ಸರೀರಿ, ಸರೀರಿ, ಹೆಣ ಬರ್ತಾ ಇದೆ!” ಎಂದು ಕೂಗಿದರು. ನೆರೆಯವರು ನಗುತ್ತ ಗೋಡೆಗೆ ಅಂಟಿಕೊಂಡರು. ಕೊನೆಯ ತಿರುವಿನಲ್ಲಂತೂ, “ಇನ್ನೂ ಸ್ವಲ್ಪ ಜೋರಾಗಿ ಬಿಡಪ್ಪಾ,” ಎಂದು ನಾಯಕನಿಗೇ ಅಪ್ಪಣೆಯಾಯಿತು.

ಅಂಗಳದಲ್ಲಿ ಚಪ್ಪಾಳೆಯೋ ಚಪ್ಪಾಳೆ. ಕರಿಹಲಗೆ ಖಾಲಿ ಉಳಿಯಿತು. ಸೊಸೆ ಅತ್ತ ತಿರುಗಿ ಕಣ್ಣೊರೆಸಿಕೊಂಡಳು. ಅತ್ತೆ ಮರದ ಕೆಳಗಿನ ಬೆಂಚಿನಲ್ಲಿ ಕೂತು, ಚಪ್ಪಲಿ ಬಿಟ್ಟು, ಹುಲ್ಲಿನ ಮೇಲೆ ಪಾದ ಊರಿದರು. ಅವರು ಹಗ್ಗದಲ್ಲಿ ಬುಟ್ಟಿ ಇಳಿಬಿಟ್ಟು ತರಕಾರಿ ಕೊಳ್ಳುತ್ತಿದ್ದ ಗಾಡಿಯವನೂ ಅಲ್ಲೇ ಇದ್ದ.

“ಅಯ್ಯೋ, ನಿನಗೆ ಮೀಸೆ ಇದೆಯೇನಪ್ಪಾ! ಮೇಲಿಂದ ಬರೀ ಬೋಳುತಲೆ ಕಾಣ್ತಿತ್ತು.”

“ನಂಗೂ ಅಷ್ಟೇ ಅಮ್ಮ, ನಿಮ್ಮ ಗದ್ದ ಬಿಟ್ರೆ ಬೇರೇನೂ ಕಾಣ್ತಿರ್ಲಿಲ್ಲ.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೊಟ್ಟೆ ಹಿಡಿದು ನಕ್ಕರು.

ಪಕ್ಕದ ಬೀದಿಯ ಅಭ್ಯಾಸಕ್ಕೆ ಸೈರನ್ ಕೂಗಿತು; ದಳ ಇನ್ನು ಅಲ್ಲಿಗೆ ಹೊರಡಬೇಕಿತ್ತು. ನಾಯಕ ತಲೆ ಕೆರೆದುಕೊಳ್ಳುತ್ತ ಸೊಸೆಯ ಬಳಿ ಬಂದ.

“ಮೇಡಂ, ಒಂದು ಎಡವಟ್ಟಾಗಿದೆ. ಈ ಕುರ್ಚಿ ಇಳಿಯುತ್ತೆ ಅಷ್ಟೇ, ಹತ್ತಲ್ಲ. ಅದನ್ನ ನಾವ್ಯಾರೂ ಯೋಚನೆನೇ ಮಾಡ್ಲಿಲ್ಲ. ನಮ್ಮವರು ಇರುವಾಗಲೇ ಎತ್ಕೊಂಡು ಹೋಗಿ ಮನೆ ಸೇರಿಸ್ಬಿಡ್ತೀವಿ. ನಿಮ್ಮತ್ತೆನ ಎಬ್ಬಿಸಿ.”

ಸೊಸೆ ತಿರುಗಿ ನೋಡಿದಳು. ಅತ್ತೆ ಕೂತಲ್ಲೇ, ಬೆಂಚಿನ ಪಕ್ಕಕ್ಕೆ ತಂದು ನಿಲ್ಲಿಸಿದ ಗಾಡಿಯ ಟೊಮೇಟೊಗಳನ್ನು ಒಂದೊಂದಾಗಿ ಒತ್ತಿ, ಮೂಸಿ, ವಾಪಸ್ ಇಡುತ್ತಿದ್ದರು. “ಇದು ಮೆತ್ತಗಿದೆ. ಇದೂ ಮೆತ್ತಗೆ. ಇಷ್ಟು ದಿನ ನನ್ನ ಬುಟ್ಟಿಗೆ ಹಾಕಿದ್ದೆಲ್ಲ ಇಂಥದ್ದೇ ತಾನೇ, ಕಳ್ಳ?” ಗಾಡಿಯವನು ಕೈಮುಗಿದು ನಗುತ್ತಿದ್ದ.

“ಬೇಗ ಮೇಡಂ. ನಾವು ಹೋದ್ಮೇಲೆ ನಾಲ್ಕು ಮಹಡಿ ಯಾರು ಹೊರ್ತಾರೆ?”

“ಗೊತ್ತಿಲ್ಲ,” ಎಂದಳು ಸೊಸೆ. “ಆದ್ರೆ ನಾನಂತೂ ಎಬ್ಬಿಸಲ್ಲ.”