ಪಟ್ಟಿಯಲ್ಲಿಲ್ಲದ ಕಾಯಿಲೆ

ನೆನೆಸಿದ ಅವರೆಕಾಳನ್ನು ಒಂದೊಂದಾಗಿ ಹಿತಕಿ ಸಿಪ್ಪೆ ಬಿಡಿಸುತ್ತಿದ್ದ ಹೇಮಶ್ರೀ ಮತ್ತೆ ಕೈ ನಿಲ್ಲಿಸಿದಳು. ಬೆಳಿಗ್ಗೆ ಬಟ್ಟೆ ಒಣಹಾಕಲು ಮಹಡಿ ಹತ್ತುವಾಗ ಎದೆಯ ನಡುವೆ ಹಿಡಿದುಕೊಂಡದ್ದು ಓಮದ ನೀರು ಕುಡಿದರೂ ಪೂರ್ತಿ ಇಳಿದಿರಲಿಲ್ಲ. ಈಚೆಗೆ ಮೆಟ್ಟಿಲು ಹತ್ತಿದಾಗಲೆಲ್ಲ ಹೀಗೇ. ಗ್ಯಾಸ್ಟ್ರಿಕ್, ಇನ್ನೇನು ಎಂದುಕೊಂಡಳು.

ಪಕ್ಕದಲ್ಲಿ ಮಗಳು ಇಂಚರಾ ಲ್ಯಾಪ್‌ಟಾಪ್ ತೆರೆದು ಕಾಲೇಜಿನ ಪ್ರಾಜೆಕ್ಟ್ ಮಾಡುತ್ತಿದ್ದಳು. ದೇಶದಲ್ಲಿ ವರ್ಷಕ್ಕೆ ಯಾವುದರಿಂದ ಎಷ್ಟು ಜನ ಸಾಯುತ್ತಾರೆ ಎಂಬ ಹೋಲಿಕೆ. "ಬೆಳಬೆಳಿಗ್ಗೆ ಸಾವಿನ ಮಾತು ಬೇಡ" ಎಂದು ಮೊದಲು ಗದರಿದ್ದ ಹೇಮಶ್ರೀಗೆ ಈಗ ತಡೆಯಲಾರದ ಕುತೂಹಲ.

"ಸಿಡಿಲು ಜಾಸ್ತಿನಾ, ಹಾವಾ?"

"ಹಾವು. ಸಿಡಿಲು ಅದರ ಹತ್ರಕ್ಕೂ ಬರಲ್ಲ."

"ಹಾಗಾದ್ರೆ ಎಲ್ಲಕ್ಕಿಂತ ಮೇಲೆ ರಸ್ತೆನೇ ಇರ್ಬೇಕು."

"ಇಲ್ಲಮ್ಮ. ರಸ್ತೇಲಿ ಹೋಗೋರು ಲಕ್ಷಕ್ಕೂ ಜಾಸ್ತಿ, ನಿಜ. ಆದ್ರೆ ಹಾರ್ಟ್ ಮುಂದೆ ಅದು ಏನೂ ಅಲ್ಲ. ಇನ್ಮೇಲೆ ನನ್ನ ಸ್ಕೂಟಿ ಕಂಡ್ರೆ ಬೈಬೇಡ, ನಿನ್ನ ಬೋಂಡಾ ಬಾಣಲೆಗೆ ಬೈಕೋ."

ಹೇಮಶ್ರೀ ನಕ್ಕಳು. ಆಮೇಲೆ, ಮದುವೆ ಫೋಟೋದಲ್ಲಿ ಮನೆಯವರನ್ನು ಹುಡುಕುವವಳಂತೆ ಪರದೆಯತ್ತ ಬಗ್ಗಿ, "ನಮ್ಮಮ್ಮ ಎಲ್ಲಿ ಬರ್ತಾಳೆ ನೋಡು" ಎಂದಳು.

"ಅಜ್ಜಿ ಹೇಗೆ ಹೋದ್ರು?"

"ಗ್ಯಾಸ್ಟ್ರಿಕ್. ಎದೆ ಉರಿ ಅಂತಿದ್ಲು, ಸೋಡಾ ತರಿಸಿ ಕೊಟ್ವಿ. ಒಂದು ತೇಗು ಬಂದ್ರೆ ಸರಿಹೋಗುತ್ತೆ ಅಂತ ಬೆನ್ನು ನೀವ್ತಾ ಕೂತಿದ್ದೆ. ಅಷ್ಟರಲ್ಲೇ..."

ಇಂಚರಾ ಪಟ್ಟಿಯನ್ನು ಮೇಲಿನಿಂದ ಕೆಳಗೆ ಸರಿಸಿದಳು. "ಗ್ಯಾಸ್ಟ್ರಿಕ್ ಅಂತ ಇಲ್ವೇ ಇಲ್ಲ."

"ಸರಿಯಾಗಿ ನೋಡೇ. ಬೈರಯ್ಯ ಮಾವ ಹೋಗಿದ್ದೂ ಅದರಲ್ಲೇ, ಹಬ್ಬದ ದಿನ ಒಬ್ಬಟ್ಟು ತಿಂದು. ಮಾರಕ್ಕ ದೊಡ್ಡಮ್ಮನೂ ಅಷ್ಟೇ."

"ಹಾಗಾದ್ರೆ ಇಡೀ ದೇಶದಲ್ಲಿ ಗ್ಯಾಸ್ಟ್ರಿಕ್‌ನಿಂದ ಸತ್ತೋರು ನಮ್ಮನೆಯವರು ಮಾತ್ರ" ಎಂದು ನಗುತ್ತಾ ತಿರುಗಿದ ಇಂಚರಾ ಅಮ್ಮನ ಮುಖ ನೋಡಿದಳು. "ಯಾಕಮ್ಮ?"

"ಏನಿಲ್ಲ. ಹೊತ್ತಾಯ್ತು, ಕಾಲೇಜಿಗೆ ಹೊರಡು."

ಮಗಳು ಹೋದಮೇಲೆ ಹೇಮಶ್ರೀ ಕೈ ತೊಳೆದು, ಹಿತಕಿದಷ್ಟು ಬೇಳೆಯ ಮೇಲೆ ತಟ್ಟೆ ಮುಚ್ಚಿದಳು. ತರಗುಪೇಟೆಯ ಅಂಗಡಿಯಿಂದ ಗಂಡ ಫೋನ್ ಮಾಡಿದ. ಊಟ ತಡವಾಗುತ್ತದೆ ಎಂದಷ್ಟೇ ಹೇಳಿದಳು.

ಆಸ್ಪತ್ರೆಗೆ ಹೊರಟ ಆಟೊದಲ್ಲಿ ಕೂತು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಳು. ಏನಾಗ್ತಿದೆ ಎಂದು ಡಾಕ್ಟರು ಕೇಳಿದರೆ ಗ್ಯಾಸ್ಟ್ರಿಕ್ ಎಂಬ ಮಾತು ಬಾಯಿಂದ ಬರಕೂಡದು. ಎಲ್ಲಿ ಹಿಡಿಯುತ್ತದೆ ಎಂದು ಬೆರಳಿಟ್ಟು ತೋರಿಸಬೇಕು, ಅಷ್ಟೇ. ಹೆಸರಿಡುವುದು ಅವರಿಗೇ ಬಿಟ್ಟದ್ದು.